ಸುವರ್ಣಾಳ ಡಬ್ಬಿ

"ಈ ಡಬ್ಬಿ ಯಾರದರೀ?"

ಕಂಡಕ್ಟರ್ ತುಕಾರಾಮನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಜಮಖಂಡಿ ನಿಲ್ದಾಣದಲ್ಲಿ, ಖಾಲಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಅವನು ಉಣ್ಣುತ್ತಿದ್ದ. ಎದುರಿಗೆ ಚೆಕಿಂಗ್ ಸಾಹೇಬರು. ಡಬ್ಬಿಯ ಮುಚ್ಚಳದ ಮೇಲೆ ಮೊಳೆಯಿಂದ ಕೊರೆದ ಹೆಸರು: ಸುವರ್ಣಾ.

"ಕಾಲೇಜ್ ಹುಡುಗಿದರೀ."

"ಅಕಿ ಬುತ್ತಿ ನೀವ್ಯಾಕ ಉಣ್ಣಾಕತ್ತೀರಿ?"

"ಹಸಿವಾಗಿತ್ತರೀ."

ಹೊಳೆದಂಡೆಯ ಹಳ್ಳಿಗಳ ತಾಯಂದಿರು ಮುಂಜಾನೆಯ ಬಸ್ಸಿಗೆ ಬುತ್ತಿ ಕೊಡುತ್ತಾರೆ. ಪಟ್ಟಣದಲ್ಲಿ ಓದುವ ಮಕ್ಕಳು ನಿಲ್ದಾಣಕ್ಕೆ ಬಂದು ಒಯ್ಯುತ್ತಾರೆ. ಸಂಜೆ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ಊರಿಗೆ. ಇದಕ್ಕೆ ಟಿಕೆಟ್ಟಿಲ್ಲ, ಬರೀ ನಂಬಿಕೆ. ಆ ನಂಬಿಕೆಗೇ ಕನ್ನ ಹಾಕಿದವನನ್ನು ಯಾರು ಬಿಡುತ್ತಾರೆ?

"ಬೇಲಿನ ಎದ್ದು ಹೊಲಾ ಮೇಯ್ದಂಗಾತು," ಎನ್ನುತ್ತ ಸಾಹೇಬರು ಮೆಮೊ ಬರೆದರು.

ತುಕಾರಾಮ ಸಹಿ ಹಾಕಿದ. ಉಳಿದ ಮೊಸರನ್ನ, ಸಪ್ಪನೆಯ ಬೇಳೆ ಎಲ್ಲ ಉಂಡ. ಹೊಟ್ಟೆಹುಣ್ಣಿನ ಗುಳಿಗೆ ನುಂಗಿ ಡಬ್ಬಿ ತೊಳೆದಿಟ್ಟ. ಚೆಲ್ಲಬಹುದಿತ್ತು. ಆದರೆ ಅನ್ನ ಚೆಲ್ಲುವ ಕೈ ಅವನದಲ್ಲ.

ಸುವರ್ಣಾ ಜಮಖಂಡಿಯಲ್ಲಿ ಇರಲೇ ಇಲ್ಲ. ಇಪ್ಪತ್ತು ದಿನಗಳ ಹಿಂದೆ ಬನಹಟ್ಟಿಯ ನೇಕಾರ ಹುಡುಗನ ಜೊತೆ ಸೊಲ್ಲಾಪುರದ ಬಸ್ಸು ಹತ್ತಿದ್ದಳು. ಅವಳು ಅತ್ತು ಕೈಮುಗಿದಾಗ ಸೀಟು ಹಿಡಿದು ಕೂರಿಸಿದವನು ತುಕಾರಾಮನೇ. ಅಂದಿನ ಡಬ್ಬಿಯಲ್ಲಿ ಮೂರರ ಬದಲು ಹತ್ತು ರೊಟ್ಟಿ ಇದ್ದವು. ಅವಸರದಲ್ಲಿ ತಾಯಿಗೆ ಲೆಕ್ಕ ತಪ್ಪಿರಬೇಕು ಎಂದುಕೊಂಡು ಎಲ್ಲವನ್ನೂ ಅವಳ ಚೀಲಕ್ಕೆ ಸುರಿದಿದ್ದ.

ಅವಳಪ್ಪ ಪರಮಾನಂದ ಓದಲು ಕಳಿಸಿದ ದಿನವೇ ಊರ ಮುಂದೆ ಹೇಳಿದ್ದ: "ಬುತ್ತಿ ಹಂಗ ತಿರುಗಿ ಬಂತಂದ್ರ ಕೊಡ್ಲಿ ತಗೊಂಡು ಹುಡುಕಾಕ ಹೊಂಡ್ತೀನಿ." ಹೇಳಿದ್ದನ್ನು ಮಾಡುವ ಮನುಷ್ಯ. ಹಿಂದೆ ಓಡಿಹೋಗಲು ಹೊರಟ ಅವನ ತಂಗಿ ಇಂದಿಗೂ ಕುಂಟುತ್ತಾಳೆ. ಹೀಗಾಗಿ ಒಂದೊಂದು ಖಾಲಿ ಡಬ್ಬಿಯೂ ಹುಡುಗಿಗೆ ಒಂದೊಂದು ದಿನದ ಆಯುಷ್ಯ ಎಂದು ತುಕಾರಾಮ ತಿಳಿದಿದ್ದ.

ಅವನನ್ನು ಕಾಡುತ್ತಿದ್ದವಳು ತಾಯಿ ಕಸ್ತೂರೆವ್ವ. ಮುಂಜಾನೆ ಡಬ್ಬಿಯ ಜೊತೆ, ಅವನ ಗುಳಿಗೆಗೆಂದು ತಂಬಿಗೆ ನೀರನ್ನೂ ತರುತ್ತಿದ್ದಳು. ಅಂಥವಳಿಗೆ ದಿನಾ ಸುಳ್ಳು ಹೇಳಬೇಕಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆ.

ಅಂದು ಸಂಜೆಯದು ಕೊನೆಯ ಟ್ರಿಪ್. ಆಲಮಟ್ಟಿಯ ಹಿನ್ನೀರು ಸುವರ್ಣಾಳ ಊರಿನ ಸೇತುವೆಗೆ ಗೇಣು ದೂರದಲ್ಲಿತ್ತು. ನಾಳೆಯಿಂದ ಬಸ್ಸಿಲ್ಲ.

ಹೆಂಡತಿಯ ಜೊತೆ ಬಸ್ಸಿನ ಬಳಿ ಬಂದಿದ್ದ ಪರಮಾನಂದ ಡಬ್ಬಿ ತೆರೆದು ನೋಡಿದ. "ಖಾಲಿ ಮಾಡ್ಯಾಳ. ಕೆಂಪು ಚಟ್ನಿ ಒಂದಿದ್ರ ಸಾಕು ಅಕಿಗಿ. ಅದಿಲ್ದ ತುತ್ತು ಇಳಿಯೂದಿಲ್ಲ. ನಾಳಿಯಿಂದ ಸುತ್ತಹಾಕಿ ಸೈಕಲ್ ಮ್ಯಾಲ ನಾನ ಒಯ್ದು ಕೊಡ್ತೀನಿ."

ಡಬ್ಬಿಯನ್ನು ತುಕಾರಾಮನ ಕೈಗೇ ಮರಳಿಸಿ ಪರಮಾನಂದ ಮನೆಯತ್ತ ಹೊರಟ. ಕಸ್ತೂರೆವ್ವ ಡಬ್ಬಿಗೆ ಕೈ ಚಾಚಿದಳು. ನಾಳೆ ಹುಡುಗಿ ಇಲ್ಲದ್ದು ಬಯಲಾಗುತ್ತದೆ, ಇನ್ನು ಮುಚ್ಚಿಟ್ಟರೆ ಈಕೆಯ ತಲೆಗೇ ಬರುತ್ತದೆ ಎಂದು ಅವನು ಬಾಯಿ ಬಿಟ್ಟ.

"ಅಕ್ಕಾರ, ನಿಮಗ ಮೋಸ ಮಾಡೇನಿ. ಇಪ್ಪತ್ತು ದಿನ ಆತು, ಈ ಬುತ್ತಿ ನಾನ ಉಣ್ಣಾಕತ್ತೇನಿ."

ಆಕೆ ಗಂಡನ ಬೆನ್ನು ಮರೆಯಾಗುವತನಕ ಅತ್ತಲೇ ನೋಡಿದಳು. ಆಮೇಲೆ ಮುಚ್ಚಳವನ್ನು ಸೆರಗಿನಿಂದ ಒರೆಸಿದಳು.

"ಅದಕ್ಕ ಯಣ್ಣಾ, ಇಪ್ಪತ್ತು ದಿನದಿಂದ ನಾ ಚಟ್ನಿ ಹಾಕಿಲ್ಲ. ನಿಮ್ಮ ಹೊಟ್ಟಿಗಿ ಖಾರ ಆಗೂದಿಲ್ಲಲ್ಲ."