ಮಗ್ಗ ನಿಲ್ಲಿಸಿದ ತಂತಿ

ರಿಪೇರಿಗೆ ಬಂದಿದ್ದ ಕುಗಾ ಕೈಯಲ್ಲಿದ್ದ ಮೀಟರನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಮನೆಯೊಡೆಯ ಯಾಸುಜಿ ಭುಜನೋವಿನ ಔಷಧ ತರಲು ಹೋಗಿದ್ದಾನೆಂದು ಖಾತ್ರಿಯಾದ ಮೇಲೆ ಯಾಸುಜಿಯ ಹೆಂಡತಿ ಫುಮಿಯನ್ನು ಹತ್ತಿರ ಕರೆದ.

“ಅಮ್ಮಾ, ಇಲ್ಲಿ ನೋಡಿ.”

ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಕೂತಿತ್ತು. ಒಳಗೆ ಒಂದು ಕೆಂಪು ತಂತಿ ಎರಡು ತುಂಡಾಗಿತ್ತು. ಸುಟ್ಟ ಕಲೆಯಿಲ್ಲ, ಇಲಿ ಕಡಿದ ಗುರುತೂ ಇಲ್ಲ. ತುದಿಗಳು ನುಣುಪಾಗಿದ್ದವು.

“ಯಾರೋ ಕತ್ತರಿಸಿದ್ದಾರೆ,” ಎಂದ ಕುಗಾ, ದನಿ ತಗ್ಗಿಸಿ. “ಅದಕ್ಕೇ ನಾನೇನು ಮಾಡಿದ್ರೂ ಇದು ಓಡ್ತಾ ಇಲ್ಲ.”

ಆ ಮನೆಯಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ.

ನೇಕಾರರ ಕೇರಿಯಾದ ನಿಶಿಜಿನ್‌ನ ಆ ಓಣಿಯಲ್ಲಿ ಉಳಿದದ್ದು ಅವರದೊಂದೇ ಮಗ್ಗ. ಯಾಸುಜಿ ನೇಯುತ್ತಿದ್ದ, ಫುಮಿ ನೂಲು ಸುತ್ತಿಕೊಡುತ್ತಿದ್ದಳು. ಫ್ಲಾಪಿಯಲ್ಲಿದ್ದ ಚಿತ್ತಾರವನ್ನು ಓದಿ, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುತ್ತಿದ್ದುದು ಆ ಕಂಪ್ಯೂಟರು. ಚಳಿ ಶುರುವಾದಾಗ ಅದು ನಿಂತಿತು. ಗುಂಡಿ ಒತ್ತಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದಷ್ಟೇ. ಮದುಮಗಳೊಬ್ಬಳ ಕಿಮೊನೊಗೆ ಕಟ್ಟುವ ನಡುಪಟ್ಟಿ ಮಗ್ಗದ ಮೇಲೆ ಅರ್ಧಕ್ಕೇ ಉಳಿಯಿತು. ಅದರ ಚಿತ್ತಾರದ ಹಾರುವ ಕೊಕ್ಕರೆಗಳಿಗೆ ಇನ್ನೂ ಕಾಲು ಮೂಡಿರಲಿಲ್ಲ.

ಇಂಥ ಯಂತ್ರಗಳನ್ನು ಬಲ್ಲವನು ಕುಗಾ ಎಂದು ಎಲ್ಲರೂ ಹೇಳುತ್ತಿದ್ದರು. ‘ನನ್ನಿಂದಾಗದು’ ಎಂಬ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿದ್ದಿಲ್ಲ. ಆ ಹೆಸರಿನಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು. ಅವನು ಸೋರಿದ ಕೆಪಾಸಿಟರುಗಳನ್ನು ಬದಲಿಸಿದ. ಟಿಕ್ ಟಿಕ್ ನಿಲ್ಲಲಿಲ್ಲ. ಡಯೋಡು ಬದಲಿಸಿದ, ಫ್ಯೂಸ್ ಹಾರಿತು. ಪೆಟ್ಟಿಗೆಯನ್ನೇ ಮನೆಗೆ ಒಯ್ದು ವಾರಗಟ್ಟಲೆ ಇಟ್ಟುಕೊಂಡು ವಾಪಸು ತಂದ. ಮೀಟರಿನ ಮುಳ್ಳು ಮೇಲಕ್ಕೇರಿ, ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಮಲಗಿಬಿಡುತ್ತಿತ್ತು. ಯಾಸುಜಿ ಪ್ರತಿ ಸಲವೂ ಪಕ್ಕದಲ್ಲೇ ಕೂತಿರುತ್ತಿದ್ದ, ಆಪರೇಷನ್ ಕೋಣೆಯ ಹೊರಗೆ ಕೂತವನ ಹಾಗೆ.

ಬೆಸುಗೆ ಹಾಕಿದರೆ ಸರಿಹೋಗುವುದಿಲ್ಲವೇ ಎಂದು ಫುಮಿ ಕೇಳಿದಳು.

“ಹಾಕಬಹುದು. ಆದ್ರೆ ಇದು ಬೇಡ ಅನ್ನೋರು ನಾಳೆ ಇನ್ನೊಂದು ಕತ್ತರಿಸ್ತಾರೆ. ಏನ್ ಮಾಡ್ಲಿ, ನೀವೇ ಹೇಳಿ.”

ಫುಮಿಗೆ ಸಿಟ್ಟು ಬರಲಿಲ್ಲ, ಕರುಳು ಚುರುಕ್ಕೆಂದಿತು. ಯಾಸುಜಿಗೆ ಈಗ ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಆದರೂ ಸಾಕು ಎಂದವನಲ್ಲ. ಅಪ್ಪ, ಅಜ್ಜ ಕೂತ ಮಗ್ಗ. ಬಾಯಲ್ಲಿ ಹೇಳಲಾರದ್ದನ್ನು ಹೀಗೆ ಹೇಳಿದ್ದಾನೆ, ಪಾಪ.

“ರಿಪೇರಿ ಆಗಲ್ಲ ಅಂತ ಹೇಳಿಬಿಡಿ, ಕುಗಾ ಸಾನ್. ನಾನು ಹೇಳಿಸಿದ್ದು ಅಂತ ಅವ್ರಿಗೆ ಗೊತ್ತಾಗೋದು ಬೇಡ.”

ಯಾಸುಜಿ ಮರಳಿ ಬಂದಾಗ ಕುಗಾ ತಲೆಬಾಗಿ, ಇದು ಇನ್ನು ಯಾರಿಂದಲೂ ಸಾಧ್ಯವಿಲ್ಲ ಎಂದ. ಯಾಸುಜಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸರಿ ಎಂದಷ್ಟೇ ಹೇಳಿ, ಹೆಂಡತಿಯ ಮುಖ ನೋಡಿ, ಚಪ್ಪಲಿ ಕಳಚಿದ. ಫುಮಿಗೆ ಉಳಿದಿದ್ದ ಅನುಮಾನವೂ ಹೋಯಿತು.

ಮಗ್ಗ ಬಿಚ್ಚುವವರು ಬಂದ ದಿನ ಹಾಸಿನ ಎಳೆಗಳನ್ನು ಯಾಸುಜಿಯೇ ಕತ್ತರಿಸಿದ. ಮದುಮಗಳ ಮನೆಯವರು ಬೇರೆ ಕಡೆಯಿಂದ ನಡುಪಟ್ಟಿ ಕೊಂಡರು. ಮಗ್ಗದ ಮರ ಸೌದೆಗೆ ಹೋಯಿತು, ಕಬ್ಬಿಣ ಗುಜರಿಗೆ. ಖಾಲಿ ಕೋಣೆಯಲ್ಲಿ ಅವನು ಬೆಳಗಿನಿಂದ ಗೋಡೆಗೆ ಒರಗಿ ಕೂತಿರುತ್ತಿದ್ದ. ಭುಜದ ನೋವು ಕಡಿಮೆಯಾಯಿತು, ಆದರೆ ಆ ಕೈಗಳಿಗೆ ಮಾಡಲು ಏನೂ ಇರಲಿಲ್ಲ. ಊಟ ಅರ್ಧಕ್ಕೆ ಇಳಿಯಿತು. ಮಾತು ನಿಂತೇಹೋಯಿತು. ಇದು ಅವನೇ ಬಯಸಿದ್ದು ಎಂದುಕೊಂಡು ಫುಮಿ ಸಮಾಧಾನ ತಂದುಕೊಳ್ಳುತ್ತಿದ್ದಳು.

ಚೆರ್ರಿ ಹೂ ಉದುರುವ ಹೊತ್ತಿಗೆ, ಮಿಸೊ ಸಾರಿನ ಬಟ್ಟಲು ಕೈಯಲ್ಲಿ ಹಿಡಿದು ಅವನು ಕೇಳಿದ:

“ನಿನ್ನ ಕಣ್ಣು ಈಗ ಹೇಗಿದೆ?”

“ನೂಲು ಸುತ್ತೋದು ನಿಂತಿತಲ್ರೀ, ಉರಿ ಇಲ್ಲ.”

“ಹಾಗಾದ್ರೆ ಒಳ್ಳೇದೇ ಆಯ್ತು. ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನಾನೇ ನಿಲ್ಲಿಸ್ತಿದ್ದೆ, ಫುಮಿ. ತಂತಿ ಯಾಕೆ ಕತ್ತರಿಸಬೇಕಿತ್ತು? ನೀನು ತೋಫು ತರೋಕೆ ಹೋಗಿದ್ದಾಗ ಕುಗಾ ಎಲ್ಲಾ ತೋರಿಸಿದ. ರಿಪೇರಿ ಆಗಲ್ಲ ಅಂದುಬಿಡು ಅಂತ ನಾನೇ ಅವನಿಗೆ ಹೇಳಿದ್ದು.”

ಫುಮಿ ಆ ಮುಚ್ಚಳ ತೆಗೆದವಳೇ ಅಲ್ಲ. ಗಂಡನೂ ತೆಗೆದಿರಲಿಲ್ಲ. ಆ ಪೆಟ್ಟಿಗೆಗೆ ಕೈ ಹಾಕಿದವನು ಕುಗಾ ಒಬ್ಬನೇ.