ನಮ್ಮ ಕಡೆಯ ಕಾರು

ಕಾರಿನ ಬಾಗಿಲು ತೆಗೆದ ವರ್ನಾ ಅಲ್ಲೇ ನಿಂತುಬಿಟ್ಟಳು. ಸ್ಟಿಯರಿಂಗ್ ಮುಂದೆ ಕೂತಿದ್ದ ಗೆಳತಿ ಕಾರ್ಲೀನ್ ದಿನಸಿ ಅಂಗಡಿಯ ಏಪ್ರನ್ ತೊಟ್ಟಿದ್ದಳು. ಪುಸ್ತಕದ ಚೀಲ ಎಲ್ಲೂ ಕಾಣಲಿಲ್ಲ.

"ಇದೇನೇ ವೇಷ?"

"ಕಾಲೇಜು ಬಿಟ್ಟೆ ಕಣೆ. ಕಾರು ಹತ್ತು, ಇವತ್ತು ನಿನ್ನ ಪರೀಕ್ಷೆ. ಇಳಿಸಿ ಹಾಗೇ ಕೆಲಸಕ್ಕೆ ಹೋಗ್ತೀನಿ. ಸಂಜೆ ನನ್ನ ತಮ್ಮ ಬಂದು ನಿನ್ನ ಕರ್ಕೊಂಡು ಹೋಗ್ತಾನೆ."

ಊರಿನ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಓದಿ, ಡಿಗ್ರಿ ಮುಗಿಸಲೆಂದು ಇಬ್ಬರೂ ಬೆಟ್ಟದಾಚೆಯ ವಿಶ್ವವಿದ್ಯಾಲಯ ಸೇರಿದ್ದರು. ಅಮೆರಿಕದ ಕೆಂಟಕಿಯ ಆ ಕಣಿವೆಗೆ ಬಸ್ಸಿಲ್ಲ, ವರ್ನಾಳಿಗೆ ಕಾರಿಲ್ಲ; ದಿನಾ ಕಾರ್ಲೀನಳ ಕಾರಿನಲ್ಲೇ ಹೋಗಿಬರುತ್ತಿದ್ದಳು.

"ಹಳೇ ಕಾಲೇಜಲ್ಲಿ ಓದಿದ್ದು ಅರ್ಧಕ್ಕರ್ಧ ಲೆಕ್ಕಕ್ಕಿಲ್ವಂತೆ. ಮತ್ತೆ ಓದ್ಬೇಕಂತೆ," ಎಂದಳು ಕಾರ್ಲೀನ್.

"ಅದ್ಹೆಂಗೆ? ಅದೇ ಮೇಷ್ಟ್ರು, ಅದೇ ಪುಸ್ತಕ, ಒಂದೇ ಬೆಂಚು! ನನ್ನದನ್ನ ಒಪ್ಪಿದ್ರಲ್ಲ?"

"ನಿನ್ನ ನರ್ಸಿಂಗಿನವರು ಪುಣ್ಯವಂತರು. ನಮ್ಮ ಟೀಚರ್ ಟ್ರೈನಿಂಗ್ ವಿಭಾಗದವರಿಗೆ ಊರಿನ ಪಾಠ ಅಂದ್ರೆ ತಂಗಳು. ನಂಗೂ ನಲವತ್ತಾಯ್ತು ಕಣೆ. ಪಾಸಾದ ಪರೀಕ್ಷೇನೇ ಇನ್ನೆಷ್ಟು ಸಲ ಪಾಸು ಮಾಡ್ಲಿ?"

ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು ಅವರ ರೂಢಿ. ಕಾರ್ಲೀನ್ ಇವತ್ತೂ ಬಿಡಲಿಲ್ಲ. ಮೂತ್ರಪಿಂಡದ ಬಗ್ಗೆ ಕೇಳಿದಳು. ವರ್ನಾ ತಪ್ಪು ಹೇಳಿದಾಗ, "ಆಯ್ತು, ನಿನ್ನ ರೋಗಿ ಸತ್ತ. ಇನ್ನೊಬ್ಬನ್ನ ಕರಿ," ಎಂದು ನಗಿಸಲು ನೋಡಿದಳು. ಆಮೇಲೆ ವರ್ನಾಳ ಸರದಿ. ಕಾಲೇಜು ಬಿಟ್ಟವಳನ್ನು ಏನು ಕೇಳುವುದೆಂದು ಅವಳಿಗೆ ತೋಚಲಿಲ್ಲ.

ಗೇಟಿನ ಬಳಿ ಇಳಿಯುವಾಗ, ನಾಳೆಯಿಂದ ಹೇಗೆ ಬರಲಿ ಎಂದು ವರ್ನಾ ಕೇಳಲಿಲ್ಲ. ಕೇಳಿದರೆ ಕಾರ್ಲೀನಳಿಗಿಂತ ಕಾರೇ ಹೆಚ್ಚು ಎಂದಂತಾಗುತ್ತಿತ್ತು.

ಕಾರ್ಲೀನಳೇ ಹೇಳಿದಳು: "ನಮ್ಮ ಕಡೆಯವರು ಯಾರಾದ್ರೂ ಬರ್ತಿರ್ತಾರೆ, ಹುಡುಕು. ನೀನಾದ್ರೂ ಮುಗಿಸೇ, ಮಾರಾಯ್ತಿ."

ಪರೀಕ್ಷೆ ಬರೆದವಳೇ ವರ್ನಾ ಕಾರು ನಿಲ್ಲಿಸುವ ಬಯಲಿಗೆ ಹೋದಳು. ಅಲ್ಲಿ ನಂಬರ್ ಪ್ಲೇಟಿನ ತಳದಲ್ಲಿ ಕಾರಿನ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರಿರುತ್ತದಲ್ಲ, ಒಂದೊಂದು ಕಾರಿನ ಹಿಂದೆಯೂ ಬಗ್ಗಿ ಅದನ್ನೇ ಓದುತ್ತಾ ನಡೆದಳು. ಯಾರೋ ಹುಡುಗರು ಕಳ್ಳಿಯನ್ನು ನೋಡುವಂತೆ ನೋಡಿದರು. ಸಾಲಿನ ಮೇಲೆ ಸಾಲು ಮುಗಿದರೂ ಎಲ್ಲವೂ ಪರ ಕೌಂಟಿಯವೇ.

ಕೊನೆಯ ಸಾಲಿನ ತುದಿಯಲ್ಲಿ, ಒಂದು ದೊಡ್ಡ ವ್ಯಾನಿನ ಮರೆಯಿಂದ ಇಣುಕುತ್ತಿದ್ದ ಪ್ಲೇಟಿನ ತುದಿಯಲ್ಲಿ, ತಮ್ಮ ಕೌಂಟಿಯ ಹೆಸರಷ್ಟೇ ಕಂಡಿತು. ಕಾರು ಯಾರದೇ ಆಗಲಿ, ಕಾಲು ಹಿಡಿದಾದರೂ ಕೇಳುತ್ತೇನೆ ಎಂದುಕೊಂಡು ಓಡಿದಳು.

ಒಳಗೆ ಕಾರ್ಲೀನ್ ಕೂತಿದ್ದಳು. ಕೆಲಸಕ್ಕೆ ಹೋಗಿರಲಿಲ್ಲ. ಗಾಜು ತಟ್ಟಲು ಎತ್ತಿದ ಕೈಯನ್ನು ವರ್ನಾ ಹಾಗೇ ಇಳಿಸಿದಳು. ಎದುರಿನ ಟೀಚರ್ ಟ್ರೈನಿಂಗ್ ಕಟ್ಟಡದ ಬಾಗಿಲಲ್ಲಿ ತನ್ನ ತರಗತಿಯವರು ಒಬ್ಬೊಬ್ಬರಾಗಿ ಒಳಗೆ ಹೋಗುವುದನ್ನು ಕಾರ್ಲೀನ್ ಸೀಟ್ ಬೆಲ್ಟ್ ಕೂಡ ಬಿಚ್ಚದೆ ನೋಡುತ್ತಿದ್ದಳು.