ಎಂಜಿನ್ ನಿಂತಾಗ

ಕೆಂಪು ದೀಪ ಬಿತ್ತು. ಕಾರು ನಿಂತಿತು. ಅದರ ಬೆನ್ನಿಗೇ ಎಂಜಿನ್ನೂ ಗಪ್‌ಚಿಪ್ಪಾಯಿತು. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿದ್ದ ಅಕ್ಕ ಕಣ್ಣು ಬಿಡದೆಯೇ ಕೇಳಿದಳು, "ಗಾಡಿ ಕೆಟ್ಟೋಯ್ತೇನೋ?"

"ಇಲ್ಲಕ್ಕ. ನಿಂತಾಗ ತಾನಾಗೇ ಆಫ್ ಆಗುತ್ತೆ, ಪೆಟ್ರೋಲ್ ಸುಮ್ನೆ ಉರೀಬಾರ್ದು ಅಂತ. ಬ್ರೇಕಿಂದ ಕಾಲು ತೆಗೆದ್ರೆ ಮತ್ತೆ ಸ್ಟಾರ್ಟ್ ಆಗುತ್ತೆ."

"ನಿಮ್ಮ ಆಫೀಸಿನೋರು ಮಾಡಿದ ಕಾನೂನಾ?"

"ಹೂಂ."

"ನಿನ್ನ ಥರಾನೇ ಇದೆ ಬಿಡು. ಕೂತಲ್ಲೇ ನಿದ್ದೆ."

ತಮ್ಮನಿಗೆ ನಗು ಬರಲಿಲ್ಲ. ಎದೆ ಹಿಂಡಿದ ಹಾಗಾಗುತ್ತಿದೆ ಎಂದು ಅಕ್ಕ ಫೋನ್ ಮಾಡಿದ್ದಳು. ಆಂಬುಲೆನ್ಸ್ ತಡವಾಗುತ್ತದೆ ಎಂದಾಗ ತಾನೇ ಓಡಿಹೋಗಿ, ಎತ್ತಿಕೊಂಡು ಬಂದು ಕಾರಿನಲ್ಲಿ ಮಲಗಿಸಿ ಆಸ್ಪತ್ರೆಗೆ ಹೊರಟಿದ್ದ. ಹೊಸ ಕಾರುಗಳು ಲೀಟರಿಗೆ ಕನಿಷ್ಠ ಇಷ್ಟು ಓಡಲೇಬೇಕು ಎಂದು ಸರ್ಕಾರದ ನಿಯಮ ಬರೆದವರಲ್ಲಿ ಅವನೂ ಒಬ್ಬ. ನಿಂತಾಗ ಎಂಜಿನ್ ಆಫ್ ಆಗಬೇಕು, ಅದನ್ನು ತಪ್ಪಿಸುವ ಗುಂಡಿಯನ್ನು ಮಾತ್ರ ಜನರ ಕೈಗೆ ಕೊಡಕೂಡದು ಎಂದು ಸಭೆಯಲ್ಲಿ ಪಟ್ಟು ಹಿಡಿದವನು. "ಅವಸರದಲ್ಲಿರೋರು ಗಾಬರಿ ಆಗ್ತಾರೆ ಸಾರ್" ಎಂದ ಕಾರು ಕಂಪನಿಯವರ ಮಾತನ್ನು ಅವನು ಕಿವಿಗೇ ಹಾಕಿಕೊಂಡಿರಲಿಲ್ಲ. ಈಗ ಅವನ ಕಣ್ಣುಗಳೇ ಆ ಗುಂಡಿಗಾಗಿ ಡ್ಯಾಶ್‌ಬೋರ್ಡಿನ ತುಂಬ ತಡಕಾಡುತ್ತಿದ್ದವು. ಮತ್ತೆ ಸ್ಟಾರ್ಟ್ ಆಗದೇ ಹೋದರೆ?

ಆಯಿತು. ಒರಟು ರಸ್ತೆಯ ಮೇಲೆ ಕಾರು ಗರಗರ ಎನ್ನುತ್ತ ಓಡಿತು. ಕನ್ನಡಿಯಲ್ಲಿ ಅಕ್ಕನ ಮೊಣಕಾಲಿನ ಮೇಲಿನ ಶಾಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮುಂದಿನ ಸಿಗ್ನಲ್ಲಿನಲ್ಲೂ ಕೆಂಪು. ಎಂಜಿನ್ ಸದ್ದು ಅಡಗಿದ ಮೇಲೆ ಬೆನ್ನ ಹಿಂದೆ ಇನ್ನೊಂದು ಸದ್ದು ಕೇಳಿಸಿತು. ತೆಳ್ಳಗೆ, ಎಳೆದು ಎಳೆದು ಬರುತ್ತಿದ್ದ ಉಸಿರು.

"ನೋವು ಜಾಸ್ತಿ ಆಯ್ತಾ ಅಕ್ಕ?"

"ಮಾತಾಡಿಸ್ಬೇಡ. ಮುಂದೆ ನೋಡ್ಕೊಂಡು ಓಡ್ಸು."

ಅದರಾಚೆಯ ಸಿಗ್ನಲ್ಲಿನಲ್ಲಿ ಅವಳು ಮಾತೇ ಆಡಲಿಲ್ಲ. ಉಸಿರು ಮಾತ್ರ ಇತ್ತು, ನಡುನಡುವೆ ತಡೆದು ತಡೆದು. ಹಸಿರು ಬಿದ್ದರೂ ಅವನಿಗೆ ಬ್ರೇಕಿನಿಂದ ಕಾಲು ತೆಗೆಯುವ ಮನಸ್ಸಾಗಲಿಲ್ಲ. ತೆಗೆದರೆ ಆ ಉಸಿರು ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಒತ್ತಿದ ಮೇಲೇ ಕಾರು ಮುಂದೆ ಹೋಯಿತು.

ಆಮೇಲೆ ಉದ್ದನೆಯ ಮೇಲ್ಸೇತುವೆ. ಸಿಗ್ನಲ್ಲಿಲ್ಲ, ಬದಿಗೆ ನಿಲ್ಲಿಸಲು ಜಾಗವಿಲ್ಲ. "ಅಕ್ಕ" ಎಂದ. ದನಿ ಏರಿಸಿ ಮತ್ತೆ ಕರೆದ. ಉತ್ತರ ಬಂತೋ ಇಲ್ಲವೋ ತಿಳಿಯಲಿಲ್ಲ. ತಿರುಗಿ ನೋಡಹೋದವನು ಪಕ್ಕದ ಬಸ್ಸಿಗೆ ಕೂದಲೆಳೆಯಲ್ಲಿ ತಾಗುವುದು ತಪ್ಪಿ, ಮತ್ತೆ ಸ್ಟೀರಿಂಗ್ ಬಿಗಿಯಾಗಿ ಹಿಡಿದ.

ಸೇತುವೆ ಇಳಿದರೆ ಎದುರಿಗೆ ಹಸಿರು ದೀಪ. ಅದರಾಚೆ ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು. ದೀಪ ಬದಲಾಗುವ ಮೊದಲು ದಾಟಬೇಕೆಂದು ಎಲ್ಲರೂ ನುಗ್ಗುತ್ತಿದ್ದರು. ಅವನ ಕಾಲು ಬ್ರೇಕನ್ನು ಒತ್ತಿಬಿಟ್ಟಿತು. ಎಂಜಿನ್ ನಿಂತಿತು. ಮೈಯೆಲ್ಲ ಕಿವಿಯಾಗಿ ಹಿಂದಕ್ಕೆ ವಾಲಿದ. ಅಷ್ಟರಲ್ಲಿ ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯತೊಡಗಿದವು. ಉಸಿರೂ ಇಲ್ಲ, ಏನೂ ಇಲ್ಲ, ಬರೀ ಹಾರ್ನು. ಅವನು ಕೈಯನ್ನು ಹಿಂದಕ್ಕೆ ಚಾಚಿದ.

ಶಾಲು ಅಲುಗಿತು.

"ಅವ್ರೆಲ್ಲ ಬೈತಿದಾರೆ ಕಣೋ," ಅಕ್ಕನ ದನಿ ಕ್ಷೀಣವಾಗಿತ್ತು. "ಹಸಿರು ಬಿದ್ದಿರ್ಬೇಕು. ಯಾಕೆ ನಿಂತೆ?"

ಅವನು ಕೈಯನ್ನು ಮತ್ತೆ ಸ್ಟೀರಿಂಗಿಗೆ ತಂದ. ಬ್ರೇಕಿನಿಂದ ಕಾಲು ತೆಗೆದ. ಎಂಜಿನ್ ಸದ್ದು ಮಾಡಿತು. ಅವನು ಅತ್ತದ್ದು ಅಕ್ಕನಿಗೆ ಕೇಳಿಸಲಿಲ್ಲ.